ಠಾಣೆಯ ಲೆಕ್ಕ ಊರಿಗೆ ತಿಳಿಯಲಿ

ಹೋದ ವರ್ಷ ಮಾಘ ಮಾಸದ ಮದುವೆಯ ದಿನಗಳಲ್ಲಿ ನಮ್ಮ ಬಡಾವಣೆಯ ಮೂರು ಮನೆಗಳಲ್ಲಿ ಕಳ್ಳತನವಾಯಿತು. ಮೂರೂ ಹಾಡುಹಗಲಿನಲ್ಲಿ, ಮನೆಯವರು ಬೀಗ ಹಾಕಿಕೊಂಡು ಪರಸ್ಥಳಕ್ಕೆ ಹೋಗಿದ್ದ ಹೊತ್ತಿನಲ್ಲಿ ನಡೆದುವು. ಮೂರು ಕಡೆಯೂ ಹಿಂದಿನ ದಿನ ಇಬ್ಬರು ಮೋಟಾರ್ ಸೈಕಲ್ಲಿನಲ್ಲಿ ಬಂದು, "ಇಲ್ಲಿ ಬಾಡಿಗೆಗೆ ಮನೆ ಇದೆಯೆ?" ಎಂದು ವಿಚಾರಿಸಿಕೊಂಡು ಹೋಗಿದ್ದರು. ಮೊದಲನೆಯ ಕಳವು ಹಿಂದಿನ ಬೀದಿಯಲ್ಲಿ. ಎರಡನೆಯದು ಅದಾದ ಹನ್ನೊಂದು ದಿನಕ್ಕೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ. ಮೂರನೆಯದು ನಮ್ಮ ಬೀದಿಯ ಮೂಲೆಮನೆಯಲ್ಲಿ. ಮೂಲೆಮನೆಯಾಕೆ ದೇವಸ್ಥಾನದ ಮುಂದೆ ಹೂವು ಮಾರಿ ಸಂಸಾರ ಸಾಗಿಸುವವರು. ಮಗಳ ಮದುವೆಗೆಂದು ಹದಿನಾಲ್ಕು ವರ್ಷ ಚೀಟಿ ಕಟ್ಟಿ ಮಾಡಿಸಿದ್ದ ಎರಡೆಳೆ ಸರ, ಓಲೆ, ನಾಲ್ಕು ಬಳೆ ಅಕ್ಕಿ ಡಬ್ಬಿಯಲ್ಲಿದ್ದುವು. ಡಬ್ಬಿ ಮಾತ್ರ ಉಳಿಯಿತು.

ದೂರು ಬರೆದುಕೊಡಲು ಆಕೆಯ ಜೊತೆಯಲ್ಲಿ ನಾನೂ ಠಾಣೆಗೆ ಹೋದೆ. ಅಲ್ಲಿದ್ದ ಅಧಿಕಾರಿಗಳು ಸಭ್ಯರು, ಕುರ್ಚಿ ಹಾಕಿಸಿದರು, ದೂರನ್ನು ಪೂರ್ತಿ ಓದಿದರು. ಓದಿ, "ಇದು ಮೂರನೆಯದು ಮೇಷ್ಟ್ರೇ, ಅವರದೇ ಕೈವಾಡ" ಎಂದರು.

"ಮೊದಲಿನ ಎರಡು ನಮಗೆ ಗೊತ್ತೇ ಇಲ್ಲವಲ್ಲ ಸ್ವಾಮಿ!" ಎಂದೆ.

"ಹೇಳಿದರೆ ಜನ ಗಾಬರಿಯಾಗ್ತಾರೆ. ಸುಮ್ಮನೆ ಯಾಕೆ?"

ಪಕ್ಕದಲ್ಲಿ ಸೆರಗನ್ನು ಬಾಯಿಗೊತ್ತಿಕೊಂಡು ಕುಳಿತಿದ್ದ ಆಕೆ ಆಗ ಒಂದು ಮಾತು ಆಡಿದರು: "ಗೊತ್ತಿದ್ದಿದ್ರೆ ಬ್ಯಾಂಕಲ್ಲಿ ಇಡ್ತಿದ್ನಲ್ಲಪ್ಪಾ." ಅಧಿಕಾರಿಗಳು ಏನೂ ಹೇಳಲಿಲ್ಲ. ಹೇಳಲು ಅವರ ಬಳಿ ಏನೂ ಇರಲಿಲ್ಲವೆಂದೇ ನನ್ನ ಭಾವನೆ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯನ್ನು ನಾವು ಪೋಲೀಸರ ಮೇಲೆ ಹೇಳುತ್ತಲೇ ಬಂದಿದ್ದೇವೆ. ಇಲ್ಲಿಯ ತಪ್ಪು ಅದಕ್ಕಿಂತ ಬೇರೆಯದು. ದಿಡ್ಡಿ ತೆರೆದಿದೆಯೆಂಬುದು ಕಾವಲುಗಾರನಿಗೆ ತಿಳಿದಿತ್ತು. ಒಳಗೆ ಮಲಗಿದ್ದವರಿಗೆ ಆತ ಹೇಳಲಿಲ್ಲ. ಎರಡು ಕಳವುಗಳಿಂದ ದೊರೆತ ತಿಳಿವಳಿಕೆ, ಮೂರನೆಯದನ್ನು ತಡೆಯಬಹುದಾಗಿದ್ದ ತಿಳಿವಳಿಕೆ, ಠಾಣೆಯ ಪುಸ್ತಕದಲ್ಲಿ ಬೆಚ್ಚಗೆ ಮಲಗಿತ್ತು. ಆ ಪುಸ್ತಕ ಯಾರ ಸೊತ್ತು? ಅದರ ಒಂದೊಂದು ಸಾಲನ್ನೂ ಬರೆಸಿದವರು ಊರವರು, ಕಳೆದುಕೊಂಡವರು ಊರವರು, ಬರೆದುಕೊಂಡವರಿಗೆ ಸಂಬಳ ಕೊಡುವವರೂ ಊರವರೇ. ಆದುದರಿಂದ ಅದರ ಸಾರವನ್ನು ತಿಂಗಳು ತಿಂಗಳೂ, ತಿಳಿಗನ್ನಡದಲ್ಲಿ, ಬೀದಿಯವರ ಕಣ್ಣಿಗೆ ಬೀಳುವ ಕಡೆ ಊರಿಗೆ ಒಪ್ಪಿಸತಕ್ಕದ್ದು ಎಂಬುದು ನನ್ನ ವಾದ. ಇದು ದಯೆಯ ಮಾತಲ್ಲ, ಬಾಕಿಯ ಮಾತು.

ನಮ್ಮದು ಕಾವೇರಿ ನಾಲೆಯ ಸೀಮೆ. ಮಳೆಗಾಲ ಹಿಡಿಯಿತೆಂದರೆ ಇಲ್ಲಿಯ ಜನ ಪತ್ರಿಕೆ ಕೈಗೆ ಬಂದೊಡನೆ ಮೊದಲು ಹುಡುಕುವುದು ಕನ್ನಂಬಾಡಿ ಕಟ್ಟೆಯ ಮಟ್ಟವನ್ನು. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಬೆರಳಗಲದ ಜಾಗದಲ್ಲಿ ನಾಲ್ಕು ಅಂಕಿ. ಶಾಲೆಯ ಮೆಟ್ಟಿಲು ಹತ್ತದ ರೈತನೂ ಅದನ್ನು ಪಕ್ಕದವರಿಂದ ಓದಿಸಿಕೊಂಡು, ಬತ್ತದ ಒಟ್ಲು ಬಿಡಬೇಕೆ, ರಾಗಿಯ ಕಡೆಗೆ ತಿರುಗಬೇಕೆ ಎಂದು ತೀರ್ಮಾನಿಸುತ್ತಾನೆ. ಮಟ್ಟ ಇಳಿದಿದೆಯೆಂದರೆ ರೈತರು ಗಾಬರಿಯಾದಾರೆಂದು ಇಂಜಿನಿಯರು ಆ ಅಂಕಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ನಾವು ಸುಮ್ಮನಿರುತ್ತೇವೆಯೆ? ಊರಂಚಿನ ಕಬ್ಬಿನ ಗದ್ದೆಯಲ್ಲಿ ಚಿರತೆ ಕಾಣಿಸಿಕೊಂಡರೆ ಅರಣ್ಯ ಇಲಾಖೆಯವರು ಸಂಜೆಯ ಮೇಲೆ ಒಬ್ಬೊಬ್ಬರೇ ಓಡಾಡಬೇಡಿರೆಂದು ಸಾರುತ್ತಾರೆ. ಚಿರತೆಯ ವಿಷಯದಲ್ಲಿ ಗಾಬರಿಗೆಡದ ಜನ, ಬೀಗ ಮುರಿಯುವವನ ವಿಷಯದಲ್ಲಿ ಮಾತ್ರ ಬುದ್ಧಿ ಕಳೆದುಕೊಳ್ಳುತ್ತಾರೆಂದು ನಂಬುವುದು ಹೇಗೆ?

ಹಾಗೆಂದು ಅಪರಾಧದ ಸುದ್ದಿಗೆ ನಮ್ಮಲ್ಲಿ ಬರವಿದೆಯೆ? ಬರವಿಲ್ಲ, ಅತಿವೃಷ್ಟಿಯೇ ಆಗಿದೆ. ರಾತ್ರಿ ಊಟದ ಹೊತ್ತಿಗೆ ಟಿ.ವಿ. ಹಾಕಿದರೆ ಎಲ್ಲಿಯೋ ಆದ ಕೊಲೆಯನ್ನು ನಟರಿಂದ ಮತ್ತೊಮ್ಮೆ ಮಾಡಿಸಿ, ತಮಟೆ ಬಡಿದು ತೋರಿಸುತ್ತಾರೆ. ನೋಡಿದವನಿಗೆ ನಿದ್ದೆ ಕೆಡುತ್ತದೆಯೇ ಹೊರತು ಮನೆಯ ಬಾಗಿಲಿಗೆ ಯಾವ ಚಿಲಕ ಬೇಕೆಂಬುದು ತಿಳಿಯುವುದಿಲ್ಲ. ಪತ್ರಿಕೆಗಳವರಾದ ನಾವೂ ಈ ವಿಷಯದಲ್ಲಿ ಗಂಗೆಯಲ್ಲಿ ಮಿಂದವರಲ್ಲ. 'ಭೀಕರ', 'ಬರ್ಬರ' ಎಂಬ ಅಚ್ಚುಗಳು ನಮ್ಮಲ್ಲಿ ಎಂದೂ ತಣ್ಣಗಾಗುವುದಿಲ್ಲ. ಬಂಧನದ ದಿನ ಅರ್ಧ ಪುಟ ಬರೆದು, ಆರೋಪಿ ಖುಲಾಸೆಯಾದ ದಿನ ಒಂದು ಸಾಲನ್ನೂ ಬರೆಯದ ಉದಾಹರಣೆಗಳು ಎಷ್ಟಿಲ್ಲ?

ಪೋಲೀಸರ ಪ್ರಕಟಣೆಯ ಸ್ಥಿತಿ ಇನ್ನೊಂದು ಬಗೆ. ಲಿಪಿ ಕನ್ನಡದ್ದು, ಭಾಷೆ ಯಾರದೆಂದು ಹೇಳುವುದು ಕಷ್ಟ. 'ಕಲಂ 331(3), 305 ಬಿ.ಎನ್.ಎಸ್. ರೀತ್ಯಾ ಪ್ರಕರಣ ದಾಖಲಿಸಿ ತನಿಖೆ ಕೈಗೊಳ್ಳಲಾಗಿದೆ' ಎಂದಿರುತ್ತದೆ. 2024ರ ಜುಲೈ 1ರಂದು ಹೊಸ ಸಂಹಿತೆ ಜಾರಿಗೆ ಬರುವ ಮೊದಲು ಇದೇ ಕಳ್ಳತನ 'ಕಲಂ 454, 380 ಐ.ಪಿ.ಸಿ.' ಆಗಿತ್ತು. ವಕೀಲರಿಗೂ ಹೊಸದಾಗಿ ಬಾಯಿಪಾಠ ಮಾಡಬೇಕಾಗಿ ಬಂದ ಈ ಸಂಖ್ಯೆಗಳಿಂದ ಹೂ ಮಾರುವಾಕೆ ಏನು ತಿಳಿಯಬೇಕು? 'ಹಗಲು ಹೊತ್ತಿನಲ್ಲಿ ಬೀಗ ಮುರಿದು ಒಡವೆ ಕದ್ದಿದ್ದಾರೆ' ಎಂದರೆ ಇಲಾಖೆಯ ಗೌರವಕ್ಕೆ ಏನು ಕುಂದು?

ಇನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೊರಡಿಸುವ 'ಕ್ರೈಂ ಇನ್ ಇಂಡಿಯಾ' ಎಂಬ ಬೃಹದ್ಗ್ರಂಥ. 1953ರ ಅಂಕಿಗಳಿಂದ ಮೊದಲಾದ ಆ ಪರಂಪರೆ ಹೆಮ್ಮೆಪಡತಕ್ಕದ್ದೇ. ಆದರೆ 2023ರ ಲೆಕ್ಕವನ್ನು ಹೊತ್ತ ಸಂಪುಟ ಹೊರಬಂದದ್ದು 2025ರ ಸೆಪ್ಟೆಂಬರಿನ ಕೊನೆಗೆ. ಒಂದೇ ಪ್ರಕರಣದಲ್ಲಿ ಹಲವು ಅಪರಾಧಗಳಿದ್ದರೆ ಅವುಗಳಲ್ಲಿ ಅತಿ ಘೋರವಾದ ಒಂದನ್ನು ಮಾತ್ರ ಎಣಿಸುವುದು ಅದರ ನಿಯಮ. ದೇಶದ ನೀತಿ ರೂಪಿಸುವವರಿಗೆ ಆ ಗ್ರಂಥ ಬೇಕು. ಬೀದಿಯವರು ಅದರಲ್ಲಿ ತಮ್ಮ ಬೀದಿಯನ್ನು ಹುಡುಕುವುದು ಪಂಚಾಂಗದಲ್ಲಿ ಮಳೆಯನ್ನು ಹಿಂಡಿದಂತೆ.

ಸುಪ್ರೀಂ ಕೋರ್ಟು 2016ರ ಸೆಪ್ಟೆಂಬರ್ 7ರಂದು ಒಂದು ಒಳ್ಳೆಯ ಆದೇಶ ಮಾಡಿತು. ಲೈಂಗಿಕ ಅಪರಾಧ, ಭಯೋತ್ಪಾದನೆ ಮುಂತಾದ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಮಿಕ್ಕ ಪ್ರಥಮ ವರ್ತಮಾನ ವರದಿಗಳನ್ನು 24 ಗಂಟೆಗಳೊಳಗೆ ಪೋಲೀಸರ ಜಾಲತಾಣದಲ್ಲಿ ಹಾಕಬೇಕೆಂದಿತು. ಸಂಪರ್ಕ ಕಷ್ಟವಾದ ಕಡೆ 72 ಗಂಟೆಗಳವರೆಗೆ ಅವಕಾಶ ಕೊಟ್ಟಿತು. ಆರೋಪ ಹೊತ್ತವನಿಗೆ ತನ್ನ ಮೇಲಿನ ದೂರು ಏನೆಂದು ತಿಳಿಯಲಿ ಎಂಬುದು ಅದರ ಮುಖ್ಯ ಆಶಯ. ಆ ಮಟ್ಟಿಗೆ ಅದು ಸಾರ್ಥಕ. ಆದರೆ ನೆರೆಹೊರೆಯವರಿಗೆ ಬೇಡದ್ದೆಲ್ಲ ಅದರಲ್ಲಿ ಇರುತ್ತದೆ: ದೂರು ಕೊಟ್ಟವರ ಹೆಸರು, ತಂದೆಯ ಹೆಸರು, ವಿಳಾಸ. ಬೇಕಾದ ಒಂದು ವಾಕ್ಯ ಮಾತ್ರ ಇರುವುದಿಲ್ಲ: 'ಈ ಬಡಾವಣೆಯಲ್ಲಿ ಹಗಲು ಹೊತ್ತು ಎರಡು ಮನೆಗಳ್ಳತನವಾಗಿದೆ, ಬಾಡಿಗೆ ಮನೆ ಕೇಳುವ ನೆಪದಲ್ಲಿ ಬಂದು ನೋಡಿಕೊಂಡು ಹೋಗುತ್ತಾರೆ, ಎಚ್ಚರವಾಗಿರಿ.'

ಬೀದಿಗೆ ಬೇಕಾದ ವಾಕ್ಯ ಠಾಣೆಯಿಂದ ಬಾರದಿದ್ದರೆ ಬೀದಿ ತಾನೇ ಒಂದನ್ನು ಕಟ್ಟಿಕೊಳ್ಳುತ್ತದೆ. ಅದರ ಬೆಲೆಯೇನೆಂಬುದನ್ನು ನಾವು 2018ರಲ್ಲಿ ಕಂಡೆವು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ವಾಟ್ಸಾಪಿನಲ್ಲಿ ಊರಿಂದೂರಿಗೆ ಹಬ್ಬಿತು. ಮೇ ತಿಂಗಳಿನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ದುಡಿಯಲು ಬಂದಿದ್ದ ಒಬ್ಬ ಯುವಕನನ್ನು ಜನ ಬಡಿದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಇಂಜಿನಿಯರ್ ಹಾಗೆಯೇ ಸತ್ತರು. ಅವರ ಸಂಗಡಿಗರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ಅಪರಾಧವಾಯಿತು. ಬಿಡಿಸಲು ಹೋದ ಪೋಲೀಸರಿಗೂ ಪೆಟ್ಟು ಬಿತ್ತು.

ಅಂಥ ತಂಡ ಬಂದಿಲ್ಲ, ವದಂತಿಯನ್ನು ನಂಬಬೇಡಿರೆಂದು ಪೋಲೀಸರು ಆಗ ಹೇಳಿದ್ದರು. ಹೇಳಿದ್ದು ನಿಜವೂ ಆಗಿತ್ತು. ಜನ ಏಕೆ ನಂಬಲಿಲ್ಲ? ಸಾಲಕ್ಕೆ ಮಾತ್ರ ಮನೆಗೆ ಬರುವ ನೆಂಟನ ಮಾತನ್ನು ಯಾರು ನಂಬುತ್ತಾರೆ? ವರ್ಷವೆಲ್ಲ ಬಾಯಿ ಬಿಡದ ಠಾಣೆ, ಬೆಂಕಿ ಹತ್ತಿದ ದಿನ ಬಂದು 'ನನ್ನನ್ನು ನಂಬಿ' ಎಂದರೆ ನಂಬಿಕೆ ಆ ಗಳಿಗೆಯಲ್ಲಿ ಹುಟ್ಟುವುದಿಲ್ಲ. ಮಕ್ಕಳು ಕಾಣೆಯಾದ ಪ್ರಕರಣ ಈ ತಿಂಗಳು ಇಷ್ಟು, ಹೋದ ತಿಂಗಳು ಇಷ್ಟು, ಸಿಕ್ಕಿದವರು ಇಷ್ಟು ಎಂಬ ಲೆಕ್ಕವನ್ನು ಪ್ರತಿ ತಿಂಗಳೂ ಗೋಡೆಯ ಮೇಲೆ ಓದಿ ರೂಢಿಯಾದ ಊರಿನಲ್ಲಿ, ಸುಳ್ಳು ಸುದ್ದಿ ಬಂದಾಗ ಯಾರಾದರೂ ಒಬ್ಬ, "ತಾಳಪ್ಪ, ಬೋರ್ಡಿನಲ್ಲಿ ಹಾಗಿಲ್ಲವಲ್ಲ!" ಎಂದಾನು. ಆ ಒಬ್ಬನ ಮಾತಿನಿಂದ ಒಂದು ಜೀವ ಉಳಿದೀತು. ನಾನು ಕೇಳುತ್ತಿರುವ ಲೆಕ್ಕದ ಮೊದಲನೆಯ ಪ್ರಯೋಜನ ಕಳ್ಳನನ್ನು ಹಿಡಿಯುವುದಲ್ಲ, ಕಳ್ಳನಲ್ಲದವನನ್ನು ಉಳಿಸುವುದು.

ಹಾಗಾದರೆ ಬೇಕಾದ್ದೇನು? ದೊಡ್ಡ ಯಂತ್ರ ಬೇಡ, ಟೆಂಡರು ಬೇಡ. 2017ರಲ್ಲಿ ನಮ್ಮ ರಾಜ್ಯದ ಪೋಲೀಸರು ಗಸ್ತಿನ ಪದ್ಧತಿಯನ್ನು ಹೊಸದಾಗಿ ಕಟ್ಟಿ, ಒಂದೊಂದು ಗಸ್ತಿಗೆ ಒಬ್ಬೊಬ್ಬರನ್ನು ಹೊಣೆ ಮಾಡಿದರು. ಆ ಗಸ್ತೇ ಲೆಕ್ಕದ ಘಟಕವಾಗಲಿ. ತಿಂಗಳ ಮೊದಲ ವಾರ ಒಂದು ಹಾಳೆ. ಅದರಲ್ಲಿ ಏನಾಯಿತು, ಯಾವ ಬೀದಿಯ ಆಸುಪಾಸು, ಯಾವ ಹೊತ್ತು, ಯಾವ ಉಪಾಯದಿಂದ, ಹಿಂದಿನವುಗಳ ಗತಿ ಏನಾಯಿತು ಎಂಬ ಐದು ಸಂಗತಿ. ಕೊನೆಯದನ್ನು ಮರೆಯಕೂಡದು. ಆರೋಪಪಟ್ಟಿ ಹೋದುವೆಷ್ಟು, ಮಾಲು ಮರಳಿದ್ದೆಷ್ಟು, ಪತ್ತೆಯಾಗದೆಂದು 'ಸಿ' ರಿಪೋರ್ಟು ಹಾಕಿ ಮುಚ್ಚಿದ್ದೆಷ್ಟು ಎಂಬುದೇ ನಮ್ಮ ಕಟ್ಟೆಯ ಹೊರಹರಿವು. ಒಳಹರಿವನ್ನು ಮಾತ್ರ ಹೇಳಿದರೆ ಜನಕ್ಕೆ ದಿಗಿಲು. ಎರಡನ್ನೂ ಹೇಳಿದರೆ ತಿಳಿವು. ಹೋದ ತಿಂಗಳ, ಹೋದ ವರ್ಷ ಇದೇ ತಿಂಗಳ ಅಂಕಿಗಳು ಪಕ್ಕದಲ್ಲಿರಲಿ. ಒಂಟಿ ಅಂಕಿಗೆ ಅರ್ಥವಿಲ್ಲ.

ಈಗಿನ ಕಳ್ಳರಲ್ಲಿ ಬೀದಿಗೆ ಕಾಲಿಡದವರೂ ಉಂಟು. ತಾನು ಪೋಲೀಸ್ ಅಧಿಕಾರಿಯೆಂದು ಫೋನಿನಲ್ಲಿ ಹೆದರಿಸಿ, 'ಡಿಜಿಟಲ್ ಅರೆಸ್ಟ್' ಎಂದು ಹೇಳಿ ನಿವೃತ್ತರ ಗಂಟನ್ನು ದೋಚುವವರಿದ್ದಾರೆ. ಅಂಥ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಇದಕ್ಕೆ ಬೀದಿಯ ಹೆಸರು ಬೇಕಿಲ್ಲ. ಉಪಾಯ ಏನೆಂಬುದು ಬೇಕು. ಹಣ ಹೋದೊಡನೆ 1930ಕ್ಕೆ ಫೋನು ಮಾಡಬೇಕೆಂಬ ಸಾಲು ಆ ಹಾಳೆಯ ಕೆಳಗೆ ಯಾವಾಗಲೂ ಇರಲಿ.

ಹಾಳೆಯನ್ನು ಎಲ್ಲಿ ಹಚ್ಚಬೇಕು? ಠಾಣೆಯ ಒಳಗಿನ ಗೋಡೆಗಲ್ಲ. ಅಲ್ಲಿಗೆ ಕಳೆದುಕೊಂಡ ಮೇಲೆ ತಾನೆ ನಾವು ಹೋಗುವುದು! ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಬಸ್ ನಿಲ್ದಾಣ, ಗ್ರಂಥಾಲಯ ಇವೆ. ಇದಕ್ಕೆ ಕಾನೂನಿನ ಆಧಾರವೆಲ್ಲಿ ಎನ್ನುವವರು 2005ರ ಮಾಹಿತಿ ಹಕ್ಕು ಕಾಯಿದೆಯ ನಾಲ್ಕನೆಯ ಕಲಮನ್ನು ತೆರೆದು ನೋಡಲಿ. ಯಾರೂ ಅರ್ಜಿ ಹಾಕದೆಯೇ ಇಲಾಖೆಗಳು ತಾವಾಗಿ ಮಾಹಿತಿ ಕೊಡಬೇಕು; ಸ್ಥಳೀಯ ಭಾಷೆಯನ್ನೂ ಆ ಸ್ಥಳಕ್ಕೆ ತಕ್ಕ ಪರಿಣಾಮಕಾರಿ ವಿಧಾನವನ್ನೂ ಗಮನಿಸಬೇಕು ಎಂದು ಅಲ್ಲಿದೆ. ನೋಟೀಸು ಹಲಗೆಯ ಹೆಸರೂ ಅಲ್ಲಿಯೇ ಇದೆ. ಕಾಯಿದೆ ಹಲಗೆಯನ್ನು ತೋರಿಸಿದೆ. ಬರೆಯುವ ಕೈ ಬೇಕಾಗಿದೆ.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾನು ಬಲ್ಲೆ. ಊರಿಗೆ ಕೆಟ್ಟ ಹೆಸರು ಬರುತ್ತದೆ, ನಿವೇಶನಗಳ ಬೆಲೆ ಇಳಿಯುತ್ತದೆ ಎಂಬುದು ಮೊದಲನೆಯದು. ಮಾರುವವನ ಬೆಲೆ ನಿಲ್ಲಲೆಂದು ಕೊಳ್ಳುವವನ ಕಣ್ಣು ಕಟ್ಟಬೇಕೆಂಬ ಈ ವಾದವನ್ನು ವ್ಯಾಪಾರಿಗಳು ಹೇಳಲಿ. ಅಧಿಕಾರಿಗಳ ಬಾಯಲ್ಲಿ ಅದು ಶೋಭಿಸದು. ಕಳ್ಳರಿಗೆ ಸುಳಿವು ಸಿಗುತ್ತದೆ ಎಂಬುದು ಎರಡನೆಯದು. ಕದ್ದವನಿಗೆ ತಾನು ಕದ್ದದ್ದು ಎಲ್ಲಿ, ಯಾವಾಗ, ಹೇಗೆ ಎಂಬುದು ಮೊದಲೇ ತಿಳಿದಿದೆ, ತಿಳಿಯದವರು ನಾವು. ತನಿಖೆಯ ಗುಟ್ಟನ್ನು ಯಾರೂ ಕೇಳುತ್ತಿಲ್ಲ.

ಮೂರನೆಯದು ತೂಕವುಳ್ಳದ್ದು. ಲೆಕ್ಕ ಬಹಿರಂಗವಾದರೆ ಠಾಣೆಯವರು ಅಂಕಿ ಇಳಿಸಲು ದೂರನ್ನೇ ತೆಗೆದುಕೊಳ್ಳದೆ ಹೋದಾರು. ಇದು ಬರಿಯ ಊಹೆಯಲ್ಲ. ಇಂಗ್ಲೆಂಡಿನಲ್ಲಿ 2011ರಿಂದ ಬೀದಿಬೀದಿಯ ಅಪರಾಧಗಳನ್ನು ತಿಂಗಳು ತಿಂಗಳೂ ನಕ್ಷೆಯ ಮೇಲೆ ತೋರಿಸುತ್ತಿದ್ದಾರೆ. ಅಂಥ ನಾಡಿನಲ್ಲಿಯೂ ಗ್ರೇಟರ್ ಮ್ಯಾಂಚೆಸ್ಟರಿನ ಪೋಲೀಸರು ಒಂದೇ ವರ್ಷದಲ್ಲಿ ಸುಮಾರು 80,000 ಅಪರಾಧಗಳನ್ನು ದಾಖಲಿಸಿಯೇ ಇರಲಿಲ್ಲವೆಂದು ಅಲ್ಲಿಯ ತನಿಖಾ ಮಂಡಲಿ 2020ರ ಡಿಸೆಂಬರಿನಲ್ಲಿ ಹೇಳಿತು. ಆದರೆ ಇದನ್ನು ಕಂಡುಹಿಡಿದದ್ದು ಹೇಗೆ? ಬಂದ ದೂರುಗಳನ್ನೂ ಬರೆದುಕೊಂಡ ಪ್ರಕರಣಗಳನ್ನೂ ಹೊರಗಿನವರು ತಾಳೆ ನೋಡಿದ್ದರಿಂದ. ನಮ್ಮಲ್ಲಿಯೂ ಬಂದ ದೂರುಗಳೆಷ್ಟು, ದಾಖಲಾದ ಪ್ರಕರಣಗಳೆಷ್ಟು ಎಂಬ ಎರಡು ಅಂಕಿಗಳೂ ಅಕ್ಕಪಕ್ಕ ಬರಲಿ. ತಕ್ಷೀರು ಸಂಜ್ಞೇಯವಾದುದಾದರೆ ದೂರನ್ನು ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟು 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಇದರ ಜೊತೆಗೆ ನಾವೂ ಒಂದು ಬುದ್ಧಿ ಕಲಿಯಬೇಕು. ಅಂಕಿ ಹೆಚ್ಚಿದ ಠಾಣೆಯೆಲ್ಲ ಕೆಟ್ಟ ಠಾಣೆಯಲ್ಲ; ಬಂದವರ ದೂರನ್ನು ಪ್ರಾಮಾಣಿಕವಾಗಿ ಬರೆದುಕೊಂಡ ಠಾಣೆಯಾಗಿರಬಹುದು. ಅಂಕಿ ಏರಿತೆಂದು ಅಧಿಕಾರಿಯನ್ನು ಎತ್ತಂಗಡಿ ಮಾಡಿಸುವ ಶಾಸಕರೇ ಸುಳ್ಳು ಲೆಕ್ಕದ ಮೊದಲ ಗುರುಗಳು.

ನಾಲ್ಕನೆಯ ಆಕ್ಷೇಪಣೆಗೆ ಮಾತ್ರ ನಾನು ಪೂರ್ತಿ ತಲೆಬಾಗುತ್ತೇನೆ. ಅಪರಾಧದ ಲೆಕ್ಕ ಬಹು ಬೇಗ ಜನಗಳ ಲೆಕ್ಕವಾಗಿಬಿಡುತ್ತದೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯಿಂದ ಬ್ರಿಟಿಷ್ ಸರಕಾರ ಇಡೀ ಜಾತಿಗಳನ್ನೇ ಹುಟ್ಟುಗಳ್ಳರೆಂದು ಪಟ್ಟಿ ಮಾಡಿತು. ಹುಬ್ಬಳ್ಳಿಯಲ್ಲಿ, ವಿಜಯಪುರದಲ್ಲಿ ತಂತಿಬೇಲಿಯ ವಸಾಹತುಗಳನ್ನು ಮಾಡಿ, ಹಾಜರಿ ತೆಗೆದುಕೊಂಡು ಸಂಸಾರಗಳನ್ನು ಕೂಡಿಹಾಕಿತು. 1952ರಲ್ಲಿ ಕಾಯಿದೆ ರದ್ದಾಯಿತು. ಹುಬ್ಬಳ್ಳಿಯಲ್ಲಿ 'ಸೆಟ್ಲಮೆಂಟ್' ಎಂಬ ಹೆಸರು ಇನ್ನೂ ಜನರ ಬಾಯಲ್ಲಿದೆ. ಆದುದರಿಂದ ನಾನು ಕೇಳುವ ಹಾಳೆಯಲ್ಲಿ ಆರೋಪಿಯ ಹೆಸರು ಬೇಡ, ಭಾವಚಿತ್ರ ಬೇಡ, ಜಾತಿ ಬೇಡ, ಯಾವ ರಾಜ್ಯದವನೆಂಬುದೂ ಬೇಡ. ಕಳೆದುಕೊಂಡವರ ಹೆಸರಾಗಲಿ ಮನೆಯ ಸಂಖ್ಯೆಯಾಗಲಿ ಬೇಡ. ಇಂಗ್ಲೆಂಡಿನ ನಕ್ಷೆಯೂ ಮನೆಯನ್ನು ತೋರಿಸದೆ ಹತ್ತಿರದ ಒಂದು ಬಿಂದುವನ್ನಷ್ಟೇ ತೋರಿಸುತ್ತದೆ. ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಅಪರಾಧಗಳು ಬೀದಿಯ ಲೆಕ್ಕಕ್ಕೆ ಬರಲೇಕೂಡದು. ಹೆಸರಿಲ್ಲದಿದ್ದರೂ ಸಣ್ಣ ಊರಿನಲ್ಲಿ ಗುರುತು ಸಿಕ್ಕಿಬಿಡುತ್ತದೆ. ಅವನ್ನು ಜಿಲ್ಲೆಯ ಮಟ್ಟದಲ್ಲಿ ಹೇಳಲಿ. ಹೇಳುವಾಗ, ಅತ್ಯಾಚಾರದ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಿತನೇ ಎಂಬುದನ್ನೂ ಹೇಳಲಿ. ಅಪರಿಚಿತರ ಮೇಲೆ ಮಾತ್ರ ಕಣ್ಣಿಡುವ ನಮ್ಮ ಅಭ್ಯಾಸಕ್ಕೆ ಅದು ಮದ್ದು.

ನಮ್ಮ ಡೈರಿಯ ಕಾರ್ಯದರ್ಶಿಗಳು ಹಾಲಿನ ದರ ಬರೆಯುವ ಕರಿಹಲಗೆಯಲ್ಲಿ ಕೆಳಗಿನ ಅರ್ಧವನ್ನು ಒರೆಸಿ ಇಟ್ಟಿದ್ದಾರೆ. ಬೆಳಗ್ಗೆ ಸಂಜೆ ಇನ್ನೂರು ಮನೆಯವರು ಅದರ ಮುಂದೆ ಕ್ಯಾನು ಹಿಡಿದು ನಿಲ್ಲುತ್ತಾರೆ. ಮೂಲೆಮನೆಯಾಕೆಯೂ ನಿಲ್ಲುತ್ತಾರೆ, ಮಗಳ ಮದುವೆಯನ್ನು ಬರುವ ವರ್ಷಕ್ಕೆ ಮುಂದೆ ಹಾಕಿದ್ದಾರೆ, ಹೊಸದಾಗಿ ಚೀಟಿ ಸೇರಿದ್ದಾರೆ. ಠಾಣೆಗೆ ಎರಡು ಸಲ ಮನವಿ ಬರೆದುಕೊಟ್ಟಿದ್ದೇನೆ. "ಮೇಲಿನವರನ್ನು ಕೇಳಬೇಕು ಮೇಷ್ಟ್ರೇ" ಎಂದಿದ್ದಾರೆ. ಮೇಲಿನವರು ಈ ಪುರವಣಿಯನ್ನು ಓದುವವರಾದರೆ, ಇದನ್ನು ನನ್ನ ಮೂರನೆಯ ಮನವಿಯೆಂದು ತಿಳಿಯಬೇಕಾಗಿ ಪ್ರಾರ್ಥನೆ. ಹಲಗೆ ಇದೆ, ಸೀಮೆಸುಣ್ಣ ನಾನು ಕೊಡುತ್ತೇನೆ.